ಮನೆಯಲ್ಲಿ ಬಿಯರ್ ಮಾಡೋಕೆ ಮೊದಲು ಏನು ಕೊಳ್ಳಬೇಕು?

ನಾನು ಮನೆಯಲ್ಲೇ ಬಿಯರ್ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಹೊಳೆಯುವ ಸ್ಟೀಲ್ ಟ್ಯಾಂಕ್ ಸದ್ಯಕ್ಕೆ ಬೇಡ. ಒಂದು ಥರ್ಮಾಮೀಟರ್, ದ್ರವದ ಸಾಂದ್ರತೆ ಅಳೆಯುವ ಒಂದು ಹೈಡ್ರೋಮೀಟರ್, ಪಾತ್ರೆಗಳ ಕ್ರಿಮಿ ಕೊಲ್ಲುವ ಒಳ್ಳೆಯ ಸ್ಯಾನಿಟೈಸರ್ ತಗೊಳ್ಳಿ. ನೀವಿರುವ ಕಡೆ ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯಾ ಅನ್ನುವುದನ್ನು ಮಾತ್ರ ಅದಕ್ಕೂ ಮುಂಚೆ ನೋಡಿಕೊಳ್ಳಿ.

ಕುದಿಸುವ ಕೆಲಸ ಸುಲಭ. ಮೊಳಕೆ ಬರಿಸಿದ ಬಾರ್ಲಿಯಿಂದ ತೆಗೆದ ಸಿಹಿ ಸಾರವಾದ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ ನೀರಲ್ಲಿ ಕರಗಿಸಿ ಸುಮಾರು ಒಂದು ಗಂಟೆ ಕುದಿಸುತ್ತೀರಿ. ಮೊದಲೇ ಹಾಕಿದ ಹಾಪ್ಸ್ (ಒಂದು ಬಳ್ಳಿಯ ಹೂವು) ಕಹಿ ಕೊಡುತ್ತದೆ, ಕೊನೆಯಲ್ಲಿ ಹಾಕಿದ್ದು ಘಮ ಕೊಡುತ್ತದೆ. ಉಕ್ಕಿ ಚೆಲ್ಲದ ಹಾಗೆ ನೋಡಿಕೊಂಡರೆ ಆಯ್ತು.

ಬಿಯರ್ ಕೆಡುವುದು ಹೆಚ್ಚಾಗಿ ಒಲೆ ಆರಿಸಿದ ಮೇಲೆ. ಆರಿದ ಮೇಲೆ ಅದಕ್ಕೆ ಯೀಸ್ಟ್ ಹಾಕುತ್ತೀರಿ, ಸಕ್ಕರೆಯನ್ನು ಹುಳಿಸಿ ಆಲ್ಕೋಹಾಲ್ ಮಾಡುವುದು ಅದೇ. ಆದರೆ ಆ ಸಿಹಿ ನೀರು ಯೀಸ್ಟ್‌ಗೆ ಎಷ್ಟು ಇಷ್ಟವೋ ಬ್ಯಾಕ್ಟೀರಿಯಾಕ್ಕೂ ಅಷ್ಟೇ ಇಷ್ಟ. ಅಲ್ಲಿಂದಾಚೆ ಅದಕ್ಕೆ ತಾಗುವ ಚಮಚ, ಪೈಪು, ಮುಚ್ಚಳ, ಎಲ್ಲವನ್ನೂ ಮೊದಲು ಚೆನ್ನಾಗಿ ತಿಕ್ಕಿ ತೊಳೆಯಬೇಕು, ಆಮೇಲೆ ಸ್ಯಾನಿಟೈಸರ್‌ನಲ್ಲಿ ಅದ್ದಬೇಕು. ಜಿಡ್ಡು ಉಳಿದಿದ್ದರೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಥರ್ಮಾಮೀಟರ್ ಯಾಕೆ ಅಂತೀರಾ? ಏಲ್ ಅನ್ನುವ ಬಗೆಯ ಬಿಯರ್‌ನ ಸಾಮಾನ್ಯ ಯೀಸ್ಟ್‌ಗೆ 18ರಿಂದ 20 ಡಿಗ್ರಿ ಸೆಲ್ಸಿಯಸ್ ಹಿತ. ಆದರೆ ಹುಳಿಯುವಾಗ ಯೀಸ್ಟ್ ತಾನೇ ಬಿಸಿ ಹುಟ್ಟಿಸುತ್ತದೆ, ಒಳಗಿನ ದ್ರವ ಕೋಣೆಗಿಂತ ಕೆಲವು ಡಿಗ್ರಿ ಮೇಲೇರುತ್ತದೆ. ಹಾಗಾಗಿ ಕೋಣೆಯ ಬಿಸಿ ನೋಡಿ ಪ್ರಯೋಜನವಿಲ್ಲ, ಪಾತ್ರೆಯದನ್ನು ನೋಡಿ. ಬಿಸಿ ಜಾಸ್ತಿಯಾದರೆ ಯೀಸ್ಟ್ ಅವಸರ ಪಡುತ್ತದೆ, ಬಿಯರ್‌ಗೆ ಪೇಂಟ್ ಥಿನ್ನರ್‌ನಂಥ ಘಾಟು ಬರುತ್ತದೆ. ಪಾತ್ರೆಯನ್ನು ನೀರಿನ ಟಬ್‌ನಲ್ಲಿ ಕೂರಿಸಿ, ಒದ್ದೆ ಬಟ್ಟೆ ಸುತ್ತಿ, ಫ್ಯಾನ್ ಹಾಕಿ. ಮೊದಲ ಮೂರು ದಿನ ಇದನ್ನು ಕಾದುಕೊಳ್ಳುವುದೇ ಮುಖ್ಯ. ಲಾಗರ್ ಅನ್ನುವ ಇನ್ನೊಂದು ಬಗೆಯ ಬಿಯರ್ ಆಸೆ ಸದ್ಯ ಬಿಡಿ, ಅದಕ್ಕೆ 10-12 ಡಿಗ್ರಿಯ ತಂಪು ವಾರಗಟ್ಟಲೆ ಬೇಕು.

ಗುಳ್ಳೆ ನಿಂತಿತು, ಬಾಟಲಿಗೆ ತುಂಬಲಾ ಅಂತ ಕೇಳುವವರೂ ಇದ್ದಾರೆ. ಗುಳ್ಳೆಯನ್ನು ನಂಬಬೇಡಿ, ಹೈಡ್ರೋಮೀಟರ್ ಇರುವುದೇ ಇದಕ್ಕೆ. ಬರೀ ನೀರಿಗೆ ಅದು 1.000 ತೋರಿಸುತ್ತದೆ, ಸಕ್ಕರೆ ಇದ್ದಷ್ಟೂ ಅಳತೆ ಹೆಚ್ಚು. ಶುರುವಿನಲ್ಲಿ 1.050 ಇದ್ದದ್ದು 1.010ಕ್ಕೆ ಇಳಿದರೆ ಆಲ್ಕೋಹಾಲ್ ಶೇ. 5ಕ್ಕಿಂತ ತುಸು ಹೆಚ್ಚು. ಅಳತೆ ಎರಡು-ಮೂರು ದಿನ ಅಲುಗಾಡದೆ ನಿಂತ ಮೇಲೆ ತುಂಬಿ. ಸಕ್ಕರೆ ಜಾಸ್ತಿ ಉಳಿದಿದ್ದರೆ ಮುಚ್ಚಿದ ಬಾಟಲಿಯಲ್ಲಿ ಅನಿಲ ಒತ್ತಿ ಗಾಜು ಸಿಡಿಯಬಹುದು. ನೊರೆಗಾಗಿ ಹಾಕುವ ಸಕ್ಕರೆಯನ್ನೂ ತೂಗಿಯೇ ಹಾಕಿ, ಲೀಟರಿಗೆ ಸುಮಾರು 6 ಗ್ರಾಂ. ಬಾಟಲಿ ಕಂದು ಬಣ್ಣದ್ದಿರಲಿ, ಬೆಳಕು ತಾಗಿದರೆ ಹಾಪ್ಸ್ ನಾರುತ್ತದೆ. ಎರಡು ವಾರ ಕತ್ತಲೆಯಲ್ಲಿಟ್ಟು ಆಮೇಲೆ ಫ್ರಿಜ್‌ಗೆ ಹಾಕಿ.