ಕಬ್ಬಿಣದ ಒಳಗೆ ಎಷ್ಟು ಟೆಸ್ಲಾ?

ಎಂ.ಎಸ್ಸಿ. ವೈವಾದಲ್ಲಿ ನಮ್ಮ ಮೇಷ್ಟ್ರು ಪ್ರತಿ ಬ್ಯಾಚಿಗೂ ಒಂದು ಪ್ರಶ್ನೆ ಕೇಳುತ್ತಿದ್ದರು. "ಕಬ್ಬಿಣದ ಒಳಗೆ ಎಷ್ಟು ಟೆಸ್ಲಾ ಇದೆ?" ಟೆಸ್ಲಾ ಅಂದರೆ ಕಾಂತಕ್ಷೇತ್ರವನ್ನು ಅಳೆಯುವ ಮಾನ. ಓದಿಕೊಂಡು ಬಂದವರು ಸುಮಾರು 2.2 ಅನ್ನುತ್ತಿದ್ದರು. ಉತ್ತರ ತಪ್ಪಲ್ಲ. ಪೂರ್ತಿ ಕಾಂತವಾದ ಕಬ್ಬಿಣದ ಸರಾಸರಿ ಲೆಕ್ಕ ಅಷ್ಟೇ. ಆಗ ಎರಡನೇ ಪ್ರಶ್ನೆ ಬರುತ್ತಿತ್ತು. "ಸರಿ, ನ್ಯೂಕ್ಲಿಯಸ್ ಕೂತಿರೋ ಜಾಗದಲ್ಲಿ ಎಷ್ಟು?" ಇದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಉತ್ತರ ಸುಮಾರು 33 ಟೆಸ್ಲಾ. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ ಸಾಮಾನ್ಯವಾಗಿ ಇರುವುದು 1.5 ಅಥವಾ 3 ಟೆಸ್ಲಾ. ಅಷ್ಟಕ್ಕೇ ಸೂಪರ್‌ಕಂಡಕ್ಟರ್ ಕಾಯಿಲ್ ಬೇಕು, ದ್ರವ ಹೀಲಿಯಂ ಬೇಕು. ಇಲ್ಲಿ ಬಾಗಿಲಿಗೆ ಹೊಡೆದ ಮೊಳೆಯ ಒಳಗೆ ನ್ಯೂಕ್ಲಿಯಸ್ಸುಗಳು ಅದರ ಹತ್ತು ಪಟ್ಟಿಗೂ ಜಾಸ್ತಿ ಕ್ಷೇತ್ರದಲ್ಲಿ ಸುಮ್ನೆ ಕೂತಿವೆ! ನಾನು ಮುಂದೆ ಹಿಡಿದ ದಾರಿಗೆ ಈ ಒಂದು ಅಂಕಿಯೇ ಕಾರಣ.

ಇಷ್ಟು ದೊಡ್ಡ ಕ್ಷೇತ್ರ ಎಲ್ಲಿಂದ ಬಂತು? ಮೇಷ್ಟ್ರು ಇದನ್ನು ನಿಧಾನವಾಗಿ, ಬೋರ್ಡಿನ ತುಂಬ ಚಿತ್ರ ಬಿಡಿಸಿ ಹೇಳಿದ್ದರು. ಕಬ್ಬಿಣ ಅಯಸ್ಕಾಂತವಾಗುವುದು 3ಡಿ ಎಂಬ ಕಕ್ಷಕದ ಎಲೆಕ್ಟ್ರಾನುಗಳ ಸ್ಪಿನ್ನಿನಿಂದ, ಅಂದರೆ ಅವು ಪುಟ್ಟ ಅಯಸ್ಕಾಂತಗಳಂತೆ ವರ್ತಿಸುವ ಗುಣದಿಂದ. ಆದರೆ ಆ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ ಇರುವ ಬಿಂದುವಿಗೆ ಬರುವುದೇ ಇಲ್ಲ. ಅಲ್ಲಿಯವರೆಗೆ ಬರುವುದು ಎಸ್ ಎಂಬ ಬೇರೆ ಕಕ್ಷಕದ ಎಲೆಕ್ಟ್ರಾನುಗಳು ಮಾತ್ರ. 3ಡಿ ಸ್ಪಿನ್ನುಗಳು ಒಳಗಿನ ಎಸ್ ಎಲೆಕ್ಟ್ರಾನುಗಳ ಸಮತೋಲನವನ್ನು ಒಂಚೂರು ಕೆಡಿಸುತ್ತವೆ. ಮೇಲ್ಮುಖ ಸ್ಪಿನ್ನಿನವು ಒಂದು ಕಡೆ ಸ್ವಲ್ಪ ಸರಿಯುತ್ತವೆ, ಕೆಳಮುಖದವು ಇನ್ನೊಂದು ಕಡೆ. ವ್ಯತ್ಯಾಸ ತೀರಾ ಸಣ್ಣದು. ಆದರೂ ಅದು ನ್ಯೂಕ್ಲಿಯಸ್ಸಿನ ಮೇಲೇ ನಡೆಯುವುದರಿಂದ ಪರಿಣಾಮ ಹತ್ತಾರು ಟೆಸ್ಲಾ. ಅದರ ದಿಕ್ಕು ಕೂಡ ಕಬ್ಬಿಣದ ಕಾಂತತೆಗೆ ವಿರುದ್ಧ. ಹೊರಗಿನಿಂದ ಕ್ಷೇತ್ರ ಕೊಟ್ಟು ಕಾಂತತೆಯನ್ನು ಅದರ ದಿಕ್ಕಿಗೆ ತಿರುಗಿಸಿದರೆ ಅನುರಣನದ ಆವರ್ತನ (ನ್ಯೂಕ್ಲಿಯಸ್ ಸ್ಪಂದಿಸುವ ರೇಡಿಯೊ ಆವರ್ತನ, ಕ್ಷೇತ್ರ ಹೆಚ್ಚಾದಷ್ಟೂ ಅದು ಹೆಚ್ಚು) ಏರಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಅದು ಇಳಿಯುತ್ತದೆ.

ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿರುವ ನ್ಯೂಕ್ಲಿಯಸ್ಸುಗಳನ್ನು ರೇಡಿಯೊ ತರಂಗದಿಂದ ಮಾತಾಡಿಸುವ ವಿಧಾನ) ಎಂದರೆ ಮೊದಲು ಒಂದು ದೊಡ್ಡ ಮ್ಯಾಗ್ನೆಟ್ ಅಂತ ನಾವೆಲ್ಲ ತಿಳಿದಿದ್ದೆವು. 1946ರಲ್ಲಿ ಹಾರ್ವರ್ಡಿನಲ್ಲಿ ಪರ್ಸೆಲ್, ಸ್ಟ್ಯಾನ್‌ಫರ್ಡಿನಲ್ಲಿ ಬ್ಲಾಕ್ ತಮ್ಮ ಜೊತೆಗಾರರೊಂದಿಗೆ ಫಲಿತಾಂಶ ಪ್ರಕಟಿಸಿದಾಗ ಇದ್ದದ್ದೂ ಹಾಗೆಯೇ. ಒಬ್ಬರ ಹತ್ತಿರ ಪ್ಯಾರಾಫಿನ್, ಇನ್ನೊಬ್ಬರ ಹತ್ತಿರ ನೀರು. ಎರಡೂ ಕಡೆ ಹೊರಗೊಂದು ಮ್ಯಾಗ್ನೆಟ್. 1959ರಲ್ಲಿ ಗೋಸಾರ್ಡ್ ಮತ್ತು ಪೋರ್ಟಿಸ್ ಆ ಮ್ಯಾಗ್ನೆಟ್ಟನ್ನೇ ಬಿಟ್ಟರು. ಕೋಬಾಲ್ಟ್ ಪುಡಿ ತೆಗೆದುಕೊಂಡು, ಹೊರಗಿನ ಕ್ಷೇತ್ರ ಇಲ್ಲದೆ ರೇಡಿಯೊ ಆವರ್ತನವನ್ನು ಬದಲಿಸುತ್ತಾ ಹೋದರು. ಕೋಣೆಯ ತಾಪದಲ್ಲಿ 213 ಮೆಗಾಹರ್ಟ್ಜ್ ಹತ್ತಿರ ಕೋಬಾಲ್ಟ್ ನ್ಯೂಕ್ಲಿಯಸ್ ಸಿಕ್ಕಿತು. ದ್ರವ ಹೀಲಿಯಂ ತಾಪದಲ್ಲಿ ಅದು 217ಕ್ಕೆ ಏರುತ್ತದೆ. ಲೆಕ್ಕ ಹಾಕಿದರೆ ಒಳಗಿನ ಕ್ಷೇತ್ರ 21 ಟೆಸ್ಲಾಕ್ಕಿಂತ ಜಾಸ್ತಿ.

ಪಿಎಚ್.ಡಿ.ಗೆ ಬೇರೆ ಊರಿಗೆ ಹೋದಾಗ ನನ್ನ ಕೈಗೆ ಬಂದದ್ದೂ ಕೋಬಾಲ್ಟ್ ಪುಡಿಯೇ. ಪುಡಿಯೇ ಯಾಕೆ ಅಂದರೆ ರೇಡಿಯೊ ತರಂಗ ಲೋಹದೊಳಕ್ಕೆ ಕೆಲವೇ ಮೈಕ್ರಾನ್ ಇಳಿಯುತ್ತದೆ. ಗಟ್ಟಿ ತುಂಡು ಇಟ್ಟರೆ ಮೇಲಿನ ಪದರ ಮಾತ್ರ ಮಾತಾಡುತ್ತದೆ. ಕಣಗಳು ಒಂದಕ್ಕೊಂದು ತಾಗದಿರಲಿ ಅಂತ ಪುಡಿಯನ್ನು ಕರಗಿದ ಪ್ಯಾರಾಫಿನ್‌ನಲ್ಲಿ ಕಲಸಿ ಗಾಜಿನ ಟ್ಯೂಬಿಗೆ ತುಂಬುತ್ತಿದ್ದೆವು. ಆಮೇಲಿನದು ತಾಳ್ಮೆಯ ಕೆಲಸ. ಒಂದು ಆವರ್ತನಕ್ಕೆ ಟ್ಯೂನ್ ಮಾಡು, ಎರಡು ಪಲ್ಸ್ ಕೊಡು, ಸ್ಪಿನ್ ಎಕೋ (ಪಲ್ಸುಗಳ ನಂತರ ನ್ಯೂಕ್ಲಿಯಸ್ಸುಗಳಿಂದ ಬರುವ ಪ್ರತಿಧ್ವನಿ) ಎಷ್ಟು ಎತ್ತರ ಬಂತು ಬರೆದುಕೋ, ಒಂದು ಹೆಜ್ಜೆ ಮುಂದೆ ಹೋಗು, ಮತ್ತೆ ಟ್ಯೂನ್ ಮಾಡು. ಸಂಜೆಯ ಹೊತ್ತಿಗೆ ಗ್ರಾಫಿನಲ್ಲಿ ಒಂದು ಬೆಟ್ಟ ಎದ್ದಿರುತ್ತಿತ್ತು. 217ರಲ್ಲಿ ಶಿಖರ ಇದ್ದರೆ ಪರಮಾಣುಗಳು ಎಫ್‌ಸಿಸಿ (ಘನಾಕೃತಿಯ) ಜೋಡಣೆಯಲ್ಲಿವೆ. 220ರಿಂದ ಮೇಲಕ್ಕೆ ಹರಡಿದ್ದರೆ ಷಡ್ಭುಜಾಕೃತಿಯ ಎಚ್‌ಸಿಪಿ. ಕೋಬಾಲ್ಟ್ ಪಕ್ಕದಲ್ಲಿ ಒಂದು ತಾಮ್ರದ ಪರಮಾಣು ಬಂದು ಕೂತರೆ ಆವರ್ತನ ಸುಮಾರು 16 ಮೆಗಾಹರ್ಟ್ಜ್ ಕೆಳಗಿಳಿಯುತ್ತದೆ. ಕೋಬಾಲ್ಟ್ ಮತ್ತು ತಾಮ್ರದ ತೆಳು ಪದರಗಳನ್ನು ಒಂದರ ಮೇಲೊಂದು ಹಾಕಿದಾಗ ಗಡಿ ಚೊಕ್ಕವಾಗಿದೆಯೋ ಕಲಸಿಹೋಗಿದೆಯೋ ಅಂತ ಇದರಿಂದಲೇ ಹೇಳಬಹುದು.

ಈ ಕೆಲಸಕ್ಕೆ ಪ್ರಕೃತಿಯ ಸಹಾಯವೂ ಇದೆ. ನಾವು ಕೊಡುವ ರೇಡಿಯೊ ಕ್ಷೇತ್ರ ಪುಟ್ಟದು. ಆದರೆ ಅದು ಮೊದಲು ಎಲೆಕ್ಟ್ರಾನುಗಳ ಕಾಂತತೆಯನ್ನು ಅಲುಗಾಡಿಸುತ್ತದೆ. ಅದರ ಜೊತೆ ಒಳಗಿನ ಆ ದೊಡ್ಡ ಕ್ಷೇತ್ರವೂ ಅಲುಗುತ್ತದೆ. ಹಾಗಾಗಿ ನ್ಯೂಕ್ಲಿಯಸ್ಸಿಗೆ ತಲುಪುವುದು ನಾವು ಕೊಟ್ಟಿದ್ದರ ನೂರಾರು ಪಟ್ಟು. ಡೊಮೇನುಗಳ (ಕಾಂತತೆ ಒಂದೇ ದಿಕ್ಕಿಗಿರುವ ಪುಟ್ಟ ಪ್ರದೇಶಗಳ) ನಡುವಿನ ಗೋಡೆಯಲ್ಲಿ ಸಾವಿರಾರು ಪಟ್ಟು. ವಾಪಸ್ ಬರುವ ಸಿಗ್ನಲ್ಲೂ ಅದೇ ರೀತಿ ದೊಡ್ಡದಾಗುತ್ತದೆ.

ಕೋಬಾಲ್ಟ್ ನನ್ನ ಅನ್ನದ ಕೆಲಸ. ಆದರೆ ಮನಸ್ಸು ಕದ್ದದ್ದು ಮ್ಯಾಂಗನೀಸ್ ಫ್ಲೋರೈಡ್. ಅದು ಆ್ಯಂಟಿಫೆರೋಮ್ಯಾಗ್ನೆಟ್. 67 ಕೆಲ್ವಿನ್ ಕೆಳಗೆ ಅರ್ಧ ಮ್ಯಾಂಗನೀಸ್ ಸ್ಪಿನ್ನುಗಳು ಮೇಲಕ್ಕೆ, ಅರ್ಧ ಕೆಳಕ್ಕೆ. ಸಮಬಲದ ಹಗ್ಗಜಗ್ಗಾಟದಲ್ಲಿ ಹಗ್ಗ ಮಾತ್ರ ನೋಡಿದವರಿಗೆ ಯಾರೂ ಎಳೆಯುತ್ತಿಲ್ಲ ಅನ್ನಿಸುತ್ತದೆ. ಮ್ಯಾಗ್ನೆಟೋಮೀಟರಿನ ಪಾಡೂ ಅದೇ, ಅದಕ್ಕೆ ಗೊತ್ತಾಗುವುದು ಒಟ್ಟು ಮೊತ್ತ ಮಾತ್ರ. ಫ್ಲೋರಿನ್ ನ್ಯೂಕ್ಲಿಯಸ್ಸನ್ನು ಕೇಳಿದರೆ ಕಥೆಯೇ ಬೇರೆ. ಹೊರಗೆ ಮ್ಯಾಗ್ನೆಟ್ ಇಲ್ಲದೆ, ತೀರಾ ತಂಪಿನಲ್ಲಿ, ಅದು ಸುಮಾರು 160 ಮೆಗಾಹರ್ಟ್ಜ್‌ನಲ್ಲಿ ಉತ್ತರಿಸುತ್ತದೆ. ಅಂದರೆ 4 ಟೆಸ್ಲಾ. ಫ್ಲೋರಿನ್ ಸ್ವತಃ ಕಾಂತವಲ್ಲ. ಮ್ಯಾಂಗನೀಸಿನ ಸ್ಪಿನ್ ಒಂದಿಷ್ಟು ಅದರ ಎಲೆಕ್ಟ್ರಾನುಗಳಿಗೂ ಹರಡಿದೆ ಅನ್ನುವುದಕ್ಕೆ ಇದೇ ಸಾಕ್ಷಿ.

1962ರಲ್ಲಿ ಹೆಲರ್ ಮತ್ತು ಬೆನೆಡೆಕ್ ಈ ಫ್ಲೋರಿನ್ ಆವರ್ತನವನ್ನು ಹಿಡಿದುಕೊಂಡು 67 ಕೆಲ್ವಿನ್ ಹತ್ತಿರ ಹತ್ತಿರ ಹೋದರು. ತಾಪ ಏರಿದಂತೆ ಆವರ್ತನ ಇಳಿಯುತ್ತದೆ, ಕೊನೆಗೆ ಸೊನ್ನೆಗೆ ಬೀಳುತ್ತದೆ. ಹೇಗೆ ಬೀಳುತ್ತದೆ ಅನ್ನುವುದೇ ಪ್ರಶ್ನೆ. ಹಳೆಯ ಮೀನ್ ಫೀಲ್ಡ್ ಸಿದ್ಧಾಂತದ (ಸುತ್ತಲಿನ ಸ್ಪಿನ್ನುಗಳ ಸರಾಸರಿಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವ ಸಿದ್ಧಾಂತ) ಪ್ರಕಾರ ಉಳಿದ ತಾಪದ ಅಂತರದ ಅರ್ಧ ಘಾತದಂತೆ, ಅಂದರೆ ವರ್ಗಮೂಲದಂತೆ, ಬೀಳಬೇಕು. ಅಳತೆ ಹೇಳಿದ್ದು ಮೂರನೇ ಒಂದು, ಸರಿಯಾಗಿ ಹೇಳಬೇಕೆಂದರೆ 0.335. ಆವರ್ತನದಷ್ಟು ನಿಖರವಾಗಿ ಅಳೆಯಬಹುದಾದ್ದು ಭೌತವಿಜ್ಞಾನದಲ್ಲಿ ಕಡಿಮೆ. ಅದಕ್ಕೇ ಈ ವ್ಯತ್ಯಾಸವನ್ನು ಯಾರೂ ತಳ್ಳಿಹಾಕಲು ಆಗಲಿಲ್ಲ. ನನ್ನ ಮಟ್ಟಿಗೆ ಈ ವಿಷಯದ ಅತಿ ಚೆಂದದ ಪ್ರಯೋಗ ಇದು. ಮೇಷ್ಟ್ರು ಇದನ್ನು ಹೇಳುವಾಗ ಪೀರಿಯಡ್ ಮುಗಿದ ಬೆಲ್ಲು ಯಾರಿಗೂ ಕೇಳಿಸುತ್ತಿರಲಿಲ್ಲ.

ನಮ್ಮವರ ಹೆಸರುಗಳನ್ನೂ ಅವರು ತಪ್ಪದೆ ಹೇಳುತ್ತಿದ್ದರು. ಆಲ್ಕೊಹಾಲಿನಲ್ಲಿ ಪ್ರೋಟಾನುಗಳ ಮೂರು ಬೇರೆ ಗೆರೆಗಳನ್ನು ತೋರಿಸಿದ 1951ರ ಸ್ಟ್ಯಾನ್‌ಫರ್ಡ್ ಪ್ರಬಂಧದಲ್ಲಿ ಆರ್ನಾಲ್ಡ್, ಪ್ಯಾಕಾರ್ಡ್ ಜೊತೆ ಧರ್ಮಟ್ಟಿ ಇದ್ದಾರೆ. ಮುಂದೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್‌ಎಂಆರ್ ಗುಂಪು ಕಟ್ಟಿದವರೂ ಅವರೇ. ಅಪರೂಪದ ಭಸ್ಮಲೋಹಗಳ (ರೇರ್ ಅರ್ಥ್) ಮಿಶ್ರಲೋಹಗಳ ಮೇಲೆ ಅಲ್ಲಿ ಒಳ್ಳೆಯ ಕೆಲಸ ನಡೆಯಿತು. ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂರ್ಯನ್ ಹರಿಯುವ ದ್ರವದಲ್ಲಿ ಎನ್‌ಎಂಆರ್ ಸಿಗ್ನಲ್ ಹೇಗೆ ಬದಲಾಗುತ್ತದೆ ಎಂದು ಬರೆದರು.

ನಮ್ಮ ಎಂ.ಎಸ್ಸಿ. ಲ್ಯಾಬಿನ ಎಲೆಕ್ಟ್ರೋಮ್ಯಾಗ್ನೆಟ್ ಈಗಲೂ ಕೆಲಸ ಮಾಡುತ್ತಿದೆ ಎಂದು ಕೇಳಿ ಖುಷಿಯಾಯಿತು. ಅದರಲ್ಲಿ ಕೋಬಾಲ್ಟ್ ನೋಡಲು ಆಗುವುದಿಲ್ಲ. ಆದರೆ ಈಗಿನ ವಿದ್ಯಾರ್ಥಿಗಳು ಎರಡು ಪ್ರಯೋಗ ಖಂಡಿತ ಮಾಡಬಹುದು. ಮೊದಲು ಶುದ್ಧ ನೀರು ಇಟ್ಟು, ಸಿಗ್ನಲ್ ತೋರಿಸುವ ಪರದೆಯಾದ ಸಿಆರ್‌ಓ ನೋಡಿ, ಸಿಗ್ನಲ್ ಸೊರಗಿರುತ್ತದೆ. ಪ್ರೋಟಾನುಗಳು ಮತ್ತೆ ಸ್ಥಿಮಿತಕ್ಕೆ ಬರಲು ಸೆಕೆಂಡುಗಳೇ ಬೇಕು. ಅದಕ್ಕೆ ಸ್ವಲ್ಪ ಮೈಲುತುತ್ತ ಹಾಕಿ. ತಾಮ್ರದ ಅಯಾನಿನ ಸ್ಪಿನ್ ಅವುಗಳನ್ನು ಬೇಗ ಸ್ಥಿಮಿತಕ್ಕೆ ತರುತ್ತದೆ, ಸಿಗ್ನಲ್ ಎದ್ದು ನಿಲ್ಲುತ್ತದೆ. ಕಾಂತ ಪದಾರ್ಥವನ್ನು ನ್ಯೂಕ್ಲಿಯಸ್ ಮೂಲಕ ನೋಡುವ ಮೊದಲ ಪಾಠ ಅದೇ. ಆಮೇಲೆ ಆವರ್ತನ ಬದಲಿಸದೆ ಟೆಫ್ಲಾನ್ ತುಂಡು ಇಟ್ಟು, ಮ್ಯಾಗ್ನೆಟ್ಟಿನ ಕರೆಂಟನ್ನು ನಿಧಾನವಾಗಿ ಏರಿಸಿ. ಪ್ರೋಟಾನ್ ಸಿಕ್ಕ ಜಾಗಕ್ಕಿಂತ ಕ್ಷೇತ್ರ ಸುಮಾರು 6 ಪರ್ಸೆಂಟ್ ಜಾಸ್ತಿ ಆದಾಗ ಅಗಲವಾದ, ಗಿಡ್ಡನೆಯ ಸಿಗ್ನಲ್ ಬರುತ್ತದೆ. ಅದು ಫ್ಲೋರಿನ್, ಹೆಲರ್ ಮತ್ತು ಬೆನೆಡೆಕ್ ಮಾತಾಡಿಸಿದ ಅದೇ ನ್ಯೂಕ್ಲಿಯಸ್.