ಲ್ಯಾಪ್‌ಟಾಪಿನಲ್ಲಿ ತಣ್ಣನೆಯ ಅಣುಗಳು: ಆಟಿಯವರೆಗಿನ ಕೆಲಸ

ಅಂತೂ ಖಾಲಿ ಗುಳಿಗಳಿರುವ ಜಾಲರಿಯ ಲೆಕ್ಕ ಓಡತೊಡಗಿದೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. 2008ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಡೆಬೊರಾ ಜಿನ್ ಮತ್ತು ಜುನ್ ಯೆ ಅವರ ತಂಡ ಪೊಟ್ಯಾಸಿಯಂ-ರುಬಿಡಿಯಂ ಅಣುಗಳನ್ನು ಕೆಲವು ನೂರು ನ್ಯಾನೊಕೆಲ್ವಿನ್‌ಗೆ, ಅಂದರೆ ಪರಮ ಶೂನ್ಯದ ತೀರಾ ಹತ್ತಿರಕ್ಕೆ, ಇಳಿಸಿತು. 2013ರಲ್ಲಿ ಅಂಥ ಅಣುಗಳನ್ನು ಲೇಸರ್ ಬೆಳಕಿನ ಜಾಲರಿಯ ಗುಳಿಗಳಲ್ಲಿ ಒಂದೊಂದಾಗಿ ಕೂರಿಸಿ, ಅವು ಒಂದಕ್ಕೊಂದು ತಿರುಗುವಿಕೆಯನ್ನು ದಾಟಿಸುವುದನ್ನು ಅಲ್ಲೇ ಅಳೆದರು. ಅಣು ಕೂತಲ್ಲೇ ಇರುತ್ತದೆ, ತಿರುಗುವಿಕೆ ಮಾತ್ರ ಪಕ್ಕದ್ದಕ್ಕೆ ಹೋಗುತ್ತದೆ. ನನಗೆ ಈ ಹುಚ್ಚು ಹಿಡಿದದ್ದೇ ಇದರಿಂದ. ಮಂಗಳೂರಿನ ಕದ್ರಿಯ ಮನೆಯಲ್ಲಿ, ಮಳೆ ಬಿಟ್ಟ ಕೂಡಲೇ ಹತ್ತುವ ಸೆಕೆಯಲ್ಲಿ, ನಾನು ಮಾಡುತ್ತಿರುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದರ ನಕಲು.

ತಿರುಗದ ಅಣು 'ಕೆಳಗೆ', ಒಂದು ಹಂತ ತಿರುಗುವ ಅಣು 'ಮೇಲೆ'. ಒಂದರಿಂದ ಇನ್ನೊಂದಕ್ಕೆ ತರಲು ಸುಮಾರು 2.2 ಗಿಗಾಹರ್ಟ್ಸ್ ಮೈಕ್ರೋವೇವ್ ಬೇಕು. ಗುಳಿಗಳ ಅಂತರ 532 ನ್ಯಾನೊಮೀಟರ್. ಅಣುವಿನ ಡೈಪೋಲ್ (ಅದರ ಎರಡು ತುದಿಗಳ ವಿದ್ಯುತ್ ಅಸಮತೋಲನದ ಅಳತೆ) 0.57 ಡಿಬೈ ಎಂದು ಹಾಕಿದರೆ ಪಕ್ಕದ ಜೋಡಿಯ ಅದಲುಬದಲು ನೂರು ಹರ್ಟ್ಸ್ ಆಸುಪಾಸು ಬರುತ್ತದೆ. ದೂರ ಎರಡು ಪಟ್ಟಾದರೆ ಬಲ ಎಂಟನೇ ಒಂದಕ್ಕೆ ಇಳಿಯುತ್ತದೆ.

ಮೊದಲು ಎರಡೇ ಅಣು. ಮೈಕ್ರೋವೇವ್‌ನಿಂದ ಎರಡನ್ನೂ 'ಮೇಲೆ-ಕೆಳಗೆ' ಅರ್ಧರ್ಧಕ್ಕೆ ತಂದು ಬಿಟ್ಟು, ಹೊತ್ತು ಹೋದಂತೆ ಅಣುಗಳು ಎಷ್ಟು ಒಂದೇ ತಾಳದಲ್ಲಿವೆ ಎಂದು ಗ್ರಾಫ್ ಹಾಕಿದರೆ ಅದು ಶುದ್ಧ ಕೊಸೈನ್. ಕಾಗದದ ಮೇಲಿನ ಲೆಕ್ಕಕ್ಕೆ ಸರಿಯಾಗಿ ಕೂತಿತು. ಮಧ್ಯದಲ್ಲಿ ಎಕೋ ಪಲ್ಸ್, ಅಂದರೆ ಮೇಲನ್ನು ಕೆಳಗೆ, ಕೆಳಗನ್ನು ಮೇಲೆ ಮಾಡುವ ಮೈಕ್ರೋವೇವ್ ಹೊಡೆತ, ಹಾಕಿದರೂ ಗ್ರಾಫ್ ಕದಲಲಿಲ್ಲ, ಕದಲಲೂಬಾರದು. ಮೇಲು ಕೆಳಗಾದರೂ ಅದಲುಬದಲು ಅದಲುಬದಲೇ ಅಲ್ವಾ? ಗುಳಿಯಿಂದ ಗುಳಿಗೆ ಬೆಳಕು ಮಾಡುವ ಸಣ್ಣ ವ್ಯತ್ಯಾಸವನ್ನು ಮಾತ್ರ ಎಕೋ ಅಳಿಸುತ್ತದೆ.

ಆಮೇಲೆ ನಿಜವಾದ ತಲೆನೋವು. 2013ರ ಆ ಪ್ರಯೋಗದಲ್ಲಿ ಬಹುಪಾಲು ಗುಳಿಗಳು ಖಾಲಿ. ಕೇಳಿದ ಅಕ್ಕನ ಮಗ, "ಅಂದ್ರೆ ಭಾನುವಾರ ಬೆಳಿಗ್ಗೆಯ ಸ್ಟೇಟ್‌ಬ್ಯಾಂಕ್ ಬಸ್ಸು, ಅಲ್ವಾ ಮಾಮ?" ಎಂದ. ಹೌದು ಮಾರಾಯ, ಯಾರು ಎಲ್ಲಿ ಕೂತಿದ್ದಾರೆ ಎಂಬುದೂ ಪ್ರತಿ ಸಲ ಬೇರೆ. ಹಾಗಾಗಿ 100 ಗುಳಿಗಳಲ್ಲಿ 10 ಅಣುಗಳನ್ನು ಎಲ್ಲೆಂದರಲ್ಲಿ ಇಟ್ಟು, ಓಡಿಸಿ, ಮತ್ತೆ ಬೇರೆ ಕಡೆ ಇಟ್ಟು, ಸರಾಸರಿ ತೆಗೆದೆ. 10 ಅಣುಗಳಿಗೆ 1024 ಸ್ಥಿತಿ, ಲ್ಯಾಪ್‌ಟಾಪಿಗೆ ಸುಮ್ನೆ ಆಟ. ಗ್ರಾಫ್ ಇಳಿಯುತ್ತಾ ಹೋಗುತ್ತದೆ, ಆದರೆ ಅದರ ಮೇಲೆ ಸಣ್ಣದೊಂದು ಅಲೆ ಉಳಿಯುತ್ತದೆ. ಅಕ್ಕಪಕ್ಕ ಸಿಕ್ಕಿದ ಕೆಲವೇ ಜೋಡಿಗಳ ಕೆಲಸ ಅದು. ಪ್ರಯೋಗದಲ್ಲೂ ಇಂಥ ಅಲೆ ಕಂಡಿತ್ತು.

2015ರಲ್ಲಿ ಅದೇ ಪ್ರಯೋಗಾಲಯದಲ್ಲಿ 25 ಶೇಕಡಾ ಗುಳಿಗಳನ್ನು ತುಂಬಿಸಿದರು. ಅದಕ್ಕೆ ನನ್ನ ಲೆಕ್ಕ 64 ಗುಳಿ, 16 ಅಣು. ಸ್ಥಿತಿಗಳು 65,536. 'ಮೇಲೆ' ಇರುವವರ ಸಂಖ್ಯೆ ಬದಲಾಗುವುದಿಲ್ಲವಾದ್ದರಿಂದ ತುಂಡು ತುಂಡಾಗಿ ಮಾಡಬಹುದು, ದೊಡ್ಡ ತುಂಡೂ 12,870 ಮಾತ್ರ. ಇಲ್ಲಿ ಮೊದಲ ಇಳಿತ ಚುರುಕು, ಅಲೆ ಹುಡುಕಿದರೂ ಇಲ್ಲ. ಜೋಡಿಗಳ ಕಥೆ ಮುಗಿದು ಗುಂಪಿನ ಕಥೆ ಶುರುವಾಗುವ ಜಾಗ ಇದು ಎಂದು ನನ್ನ ಅಂದಾಜು. ಗುಡುಗು ಬಂದಾಗಲೆಲ್ಲ ಕರೆಂಟ್ ಹೋಗುವುದರಿಂದ ಪ್ರತಿ ಸುತ್ತಿನ ಉತ್ತರವನ್ನೂ ಫೈಲಿಗೆ ಬರೆಯುವಂತೆ ಮಾಡಿದ್ದೇನೆ.

ಅಣುಗಳ ನಡುವಿನ ಬಲ ಕಾಂತಕ್ಷೇತ್ರದ ದಿಕ್ಕಿನ ಮೇಲೂ ನಿಂತಿದೆ, ಹಾಗಾಗಿ ಅದನ್ನೂ ತಿರುಗಿಸಿ ನೋಡಿದೆ. ಅಡ್ಡ ಸಾಲಿಗೆ 54.7 ಡಿಗ್ರಿ ಓರೆಯಾದಾಗ ಆ ಸಾಲಿನ ಅಣುಗಳ ನಡುವೆ ಮಾತೇ ಇಲ್ಲ. ಉದ್ದ ಸಾಲುಗಳು ಬೇರೆಬೇರೆಯಾಗುತ್ತವೆ ಅಂದುಕೊಳ್ಳಬೇಡಿ, ಮೂಲೆಯಿಂದ ಮೂಲೆಗೆ ನಂಟು ಉಳಿದೇ ಇರುತ್ತದೆ.

ಮುಂದಿನದು ಸೋಡಿಯಂ-ಸೀಸಿಯಂ. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಸೆಬಾಸ್ಟಿಯನ್ ವಿಲ್ ಅವರ ತಂಡ 5 ನ್ಯಾನೊಕೆಲ್ವಿನ್‌ನಲ್ಲಿ ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್ (ಅಣುಗಳೆಲ್ಲ ಒಂದೇ ಕ್ವಾಂಟಂ ಸ್ಥಿತಿಗೆ ಸೇರಿದ ತಣ್ಣನೆಯ ಅನಿಲ) ಮಾಡಿದ್ದು ಈ ಅಣುವಿನಿಂದಲೇ, 2024ರಲ್ಲಿ ಪ್ರಕಟವಾಯಿತು. ಅದರ ಡೈಪೋಲ್ ಎಂಟು ಪಟ್ಟು ದೊಡ್ಡದು, ಬಲದಲ್ಲಿ ಅದು ವರ್ಗವಾಗುತ್ತದೆ, ಅಂದರೆ ಅರವತ್ತು ಪಟ್ಟಿಗೂ ಜಾಸ್ತಿ. ಸಂಖ್ಯೆ ಬದಲಿಸಿದರೆ ಎಲ್ಲವೂ ಬೇಗ ನಡೆದು ಗ್ರಾಫ್ ಅಡ್ಡಕ್ಕೆ ಬರೇ ಕುಗ್ಗುತ್ತದೆ, ಅದರಲ್ಲಿ ಮಜಾ ಇಲ್ಲ. 10 ಮತ್ತು 25 ಶೇಕಡಾ ನಡುವೆ ಅಲೆ ಎಲ್ಲಿ ಸಾಯುತ್ತದೆ ಎಂದು ಮೊದಲು ನೋಡಬೇಕು. 15 ಶೇಕಡಾದ ಲೆಕ್ಕ ಈಗ ಓಡುತ್ತಾ ಉಂಟು.