ಶೂಬರ್ಟ್‌ನ ಕುದುರೆ ಕೊನೆಗೂ ಓಡಿತು

ಶೂಬರ್ಟ್‌ನ ‘ಎರ್ಲ್‌ಕೋನಿಗ್’ ಹಾಡಿಗೆ ಮಾಕಪ್ ಮಾಡುತ್ತಿದ್ದೇನೆ, ಅಂದರೆ ರೆಕಾರ್ಡ್ ಮಾಡಿಟ್ಟ ಸ್ವರಗಳನ್ನು ಕಂಪ್ಯೂಟರ್‌ನಲ್ಲಿ ಜೋಡಿಸಿ ಕಟ್ಟುವ ನಕಲು. ಗಯಟೆಯ ಪದ್ಯ ಅದು: ಅಪ್ಪ ಮಗನನ್ನು ಅಪ್ಪಿಕೊಂಡು ರಾತ್ರಿ ಕುದುರೆ ಓಡಿಸುತ್ತಾನೆ, ಎರ್ಲ್‌ಕೋನಿಗ್ ಅನ್ನುವ ಮಾಯಾ ರಾಜ ಮಗನನ್ನು ಕರೆಯುತ್ತಾನೆ. ಹಾಡು ಶುರುವಾಗುವ ಮುಂಚಿನ ಪಿಯಾನೋ ಭಾಗ ಈಗ ನಿಜವಾಗಿ ಪಿಯಾನೋ ತರಹ ಕೇಳಿಸುತ್ತಿದೆ. ನೋಟ್ ತುಂಬುವುದು, ಟ್ರ್ಯಾಕ್ ಜೋಡಿಸುವುದು, ರಿವರ್ಬ್ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡೋಣ. ತಲೆ ತಿಂದಿದ್ದು ಒಂದೇ: ಬಲಗೈಯ ಆಕ್ಟೇವ್ ಟ್ರಿಪ್ಲೆಟ್, ಅಂದರೆ ಒಂದು ಸ್ವರವನ್ನೂ ಮೇಲಿನ ಸ್ಥಾಯಿಯ ಅದೇ ಸ್ವರವನ್ನೂ ಜೊತೆಯಾಗಿ ಒಂದು ಬೀಟ್‌ಗೆ ಮೂರು ಸಲ ಹೊಡೆಯುವುದು.

ಲೆಕ್ಕ ನೋಡಿ. ಅಚ್ಚಾದ ಪ್ರತಿಯಲ್ಲಿ ವೇಗ ನಿಮಿಷಕ್ಕೆ 152 ಕ್ವಾರ್ಟರ್, ಅಂದರೆ 152 ಬೀಟ್. ಅಂದರೆ ನಿಮಿಷಕ್ಕೆ 456 ಹೊಡೆತ, ಒಂದೊಂದರ ನಡುವೆ ಸುಮಾರು 132 ಮಿಲಿಸೆಕೆಂಡ್. ಶುರುವಿನಲ್ಲಿ ಬಲಗೈಗೆ ಬರೀ ಜಿ, ಜಿ, ಜಿ. ಒಂದೇ ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ಸ್ವರ) ಮತ್ತೆ ಮತ್ತೆ ಬಂದರೆ ಏನಾಗುತ್ತದೆ? ಮಷಿನ್ ಗನ್ ಎಫೆಕ್ಟ್. ಅಪ್ಪ ಮಗನನ್ನು ಅಪ್ಪಿಕೊಂಡು ಕುದುರೆ ಓಡಿಸುತ್ತಿರುವಂತಿಲ್ಲ, ಗಡಿಯಲ್ಲಿ ಗುಂಡಿನ ಚಕಮಕಿ ನಡೆಯುತ್ತಿರುವಂತಿತ್ತು.

ನಾನು ದುಡ್ಡು ಕೊಟ್ಟು ತಗೊಂಡ ಪಿಯಾನೋ ಲೈಬ್ರರಿಯ (ಸ್ಯಾಂಪಲ್ ಸಂಗ್ರಹ) ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ‘ರೌಂಡ್ ರಾಬಿನ್ 4’ ಅಂತ ಇತ್ತು, ಅಂದರೆ ಒಂದೇ ಸದ್ದಿಗೆ ಸರದಿಯಲ್ಲಿ ಬರುವ ನಾಲ್ಕು ಬೇರೆ ಬೇರೆ ರೆಕಾರ್ಡಿಂಗ್. ತೆರೆದು ನೋಡಿದರೆ ಆ ನಾಲ್ಕೂ ಪೆಡಲ್ ಸದ್ದಿಗೆ! ತಂತಿಗೆ ಇರುವುದು ಒಂದೇ. ಮೇಲ್ ಹಾಕಿದೆ. ‘ಅದು ಹಾಗೇ ಇರಬೇಕು ಸರ್’ ಅಂತ ಉತ್ತರ ಬಂತು. ಪೆಡಲ್ ಕಿರುಗುಟ್ಟುವುದರಲ್ಲಿ ಮಾತ್ರ ವೈವಿಧ್ಯ ಬೇಕು ಅನ್ನುವ ಗಿರಾಕಿ ಯಾರೋ ಇರಬೇಕು, ಪುಣ್ಯಾತ್ಮ.

ಮೊದಲ ಮದ್ದು ಹಳೆಯದೇ, ಪಕ್ಕದ ಮನೆಯ ಸಾಲ. ಎಫ್ ಶಾರ್ಪ್ ಮತ್ತು ಎ ಫ್ಲ್ಯಾಟ್ ಸ್ಯಾಂಪಲ್‌ಗಳನ್ನು ಅರ್ಧ ಸ್ವರ ಎಳೆದು ಜಿ ಮಾಡಿದೆ. ಮೂರು ಬೇರೆ ಬೇರೆ ಜಿ ಸಿಕ್ಕಿತು. ಗುಂಡಿನ ಸದ್ದು ಹೋಯಿತು, ಅದರ ಜಾಗಕ್ಕೆ ಕೆಸರು ಬಂತು. ಕಾರಣ ಸರಳ. ಪ್ರತಿ ಸ್ಯಾಂಪಲ್ ನಿಶ್ಶಬ್ದದಿಂದ ಶುರುವಾಗಿದ್ದು, ಹಿಂದಿನದರ ಬಾಲ ಇನ್ನೂ ಮೊಳಗುತ್ತಿರುತ್ತದೆ. ನಿಜವಾದ ಪಿಯಾನೋದಲ್ಲಿ ಸುತ್ತಿಗೆ ಬಡಿಯುವುದು ಆಗಲೇ ಅಲುಗಾಡುತ್ತಿರುವ ತಂತಿಗೆ. ಅಲ್ಲಿ ಬಾಲದ ಮೇಲೆ ಬಾಲ ಪೇರಿಸಿಕೊಳ್ಳುವುದಿಲ್ಲ.

ಪೆಡಲ್‌ನಿಂದ ಕಾಲು ತೆಗೆದರೆ ಇನ್ನೊಂದು ಕಾಟ. ಪ್ರತಿ ನೋಟ್ ಮುಗಿದಾಗಲೂ ರಿಲೀಸ್ ಸ್ಯಾಂಪಲ್ (ಕೀಲಿ ಬಿಟ್ಟಾಗಿನ ಸದ್ದು), ಟಕ್ ಟಕ್ ಅಂತ ಸೆಕೆಂಡಿಗೆ ಏಳೆಂಟು ಸಲ.

ದಾರಿ ಸಿಕ್ಕಿದ್ದು 1815ರ ವಿಯೆನ್ನಾದ ಪಿಯಾನೋ ಹೇಗಿತ್ತು ಅಂತ ಯೋಚಿಸಿದಾಗ. ಆ ವಾದ್ಯಗಳ ಕೀಲಿ ಹಗುರ, ಒತ್ತುವ ಆಳ ಕಡಿಮೆ, ಸ್ವರ ಬೇಗ ಆರಿಹೋಗುತ್ತದೆ. ಶೂಬರ್ಟ್ ಬರೆದಿದ್ದು ಅದಕ್ಕೆ, ನನ್ನ ಲೈಬ್ರರಿಯ ಒಂಬತ್ತು ಅಡಿ ಗ್ರ್ಯಾಂಡ್‌ಗೆ ಅಲ್ಲ. ಹಾಗಾಗಿ ಬಲಗೈಗೆ ಬೇರೆ ಟ್ರ್ಯಾಕ್ ಮಾಡಿ ಡಿಕೇ (ಸ್ವರ ಆರಲು ಹಿಡಿಯುವ ಸಮಯ) ಚೆನ್ನಾಗಿ ಮೊಟಕುಗೊಳಿಸಿದೆ. ಒಂದು ಸ್ವರಕ್ಕೆ ಎರಡೇ ವಾಯ್ಸ್ (ಒಟ್ಟಿಗೆ ಮೊಳಗುವ ಸ್ಯಾಂಪಲ್) ಅಂತ ಮಿತಿ ಹಾಕಿದೆ. ಪೆಡಲ್ ಒತ್ತಿಯೇ ಇಟ್ಟು ಅರ್ಧ ಬಾರ್‌ಗೊಮ್ಮೆ ಬಿಟ್ಟು ಒತ್ತಿದೆ, ರಿಲೀಸ್ ಸದ್ದು ಅಲ್ಲಿ ಮಾತ್ರ ಬರುತ್ತದೆ. ಟ್ರಿಪ್ಲೆಟ್‌ನ ಎರಡನೇ, ಮೂರನೇ ನೋಟ್‌ಗಳಿಗೆ ಸ್ಯಾಂಪಲ್ ಸ್ಟಾರ್ಟ್ (ರೆಕಾರ್ಡಿಂಗ್ ಶುರುವಾಗುವ ಜಾಗ) ಸ್ವಲ್ಪ ಮುಂದೆ ತಳ್ಳಿದೆ, ಮೂತಿಯ ಚೂಪು ಹೋಯಿತು.

ಹೊಡೆತದ ಬಲವನ್ನು, ಅಂದರೆ ವೆಲಾಸಿಟಿಯನ್ನು, ಸುಮ್ಮನೆ ಏರುಪೇರು ಮಾಡುವ ಹ್ಯೂಮನೈಸ್ ಗುಂಡಿಯನ್ನು ಮಾತ್ರ ಮುಟ್ಟಬೇಡಿ. ವೆಲಾಸಿಟಿ ಎರ‍್ರಾಬಿರ‍್ರಿ ಆದರೆ ಕುದುರೆ ಕುಡಿದು ಓಡಿದ ಹಾಗಿರುತ್ತದೆ. ಎಡಗೈ ಜಿಯಿಂದ ಇ ಫ್ಲ್ಯಾಟ್‌ವರೆಗೆ ಓಡಿ ಮೇಲೇರಿ, ಡಿ, ಬಿ ಫ್ಲ್ಯಾಟ್, ಜಿ ಅಂತ ಇಳಿಯುತ್ತದಲ್ವಾ, ಅಷ್ಟು ಹೊತ್ತು ಬಲಗೈಯ ವೆಲಾಸಿಟಿಯನ್ನು ಕೈಯಾರೆ ಗೆರೆ ಎಳೆದು ತಗ್ಗಿಸಿ. ಕಿವಿ ಎಡಗೈ ಹಿಂದೆ ಹೋಗುತ್ತದೆ, ಬಲಗೈಯ ಕಳ್ಳತನ ಗೊತ್ತೇ ಆಗುವುದಿಲ್ಲ.

ಇದು ಮನುಷ್ಯರಿಗೂ ಕಷ್ಟವೇ. ಶೂಬರ್ಟ್ ತಾನೇ ನುಡಿಸುವಾಗ ಮೂರರ ಬದಲು ಎರಡೆರಡು ಹೊಡೆತ ಹೊಡೆಯುತ್ತಿದ್ದ ಅಂತ ಅವನ ಸ್ನೇಹಿತರ ನೆನಪು. ಹಾಡಿನ ನಾಲ್ಕು ರೂಪಗಳಿವೆ. 1816ರಲ್ಲಿ ಗಯಟೆಗೆ ಕಳಿಸಿದ ಪ್ರತಿಯಲ್ಲೂ ಎರಡೆರಡೇ. ಗಯಟೆ ಉತ್ತರ ಬರೆಯಲಿಲ್ಲ, ಅದು ಬೇರೆ ಮಾತು. ಒಬ್ಬ ಪ್ರಕಾಶಕರಂತೂ ಹಸ್ತಪ್ರತಿಯನ್ನು ಡ್ರೆಸ್ಡೆನ್‌ನಲ್ಲಿದ್ದ ಇನ್ನೊಬ್ಬ ಫ್ರಾಂಜ್ ಶೂಬರ್ಟ್‌ಗೆ ವಾಪಸ್ ಕಳಿಸಿದರು. ನನ್ನ ಹೆಸರಲ್ಲಿ ಇಂಥದ್ದು ಬರೆದವರು ಯಾರು ಅಂತ ಅವನು ಸಿಡಿಮಿಡಿಗೊಂಡ. ಕೊನೆಗೆ 1821ರಲ್ಲಿ ಓಪಸ್ 1 ಆಗಿ ಅಚ್ಚಾಯಿತು. ತಮಾಷೆ ಏನು ಗೊತ್ತಾ, ಕೀಲಿ ಪೂರ್ತಿ ಮೇಲೆ ಬರುವ ಮೊದಲೇ ಮತ್ತೆ ಹೊಡೆಯಬಲ್ಲ ಡಬಲ್ ಎಸ್ಕೇಪ್‌ಮೆಂಟ್ ಯಂತ್ರಕ್ಕೆ ಪಿಯಾನೋ ತಯಾರಿಸುವ ಎರಾರ್ ಸಂಸ್ಥೆ ಪೇಟೆಂಟ್ ಪಡೆದದ್ದೂ ಅದೇ ವರ್ಷ.

1821 ಅಂದ ಕೂಡಲೇ ತಲೆ ಬೇರೆ ಕಡೆ ಓಡಿತು. ವೇಬರ್‌ನ ‘ಡೆರ್ ಫ್ರೈಶುಟ್ಸ್’ ಒಪೆರಾ ಬರ್ಲಿನ್‌ನಲ್ಲಿ ಮೊದಲು ಆಡಿದ್ದೂ ಆ ಜೂನ್‌ನಲ್ಲೇ. ಅದರ ತೋಳದ ಕಣಿವೆ ದೃಶ್ಯ ನನ್ನ ಮುಂದಿನ ಕೆಲಸ. ಮಧ್ಯರಾತ್ರಿ ಏಳು ಮಾಯಾ ಗುಂಡು ಎರಕ ಹೊಯ್ಯುತ್ತಾರೆ, ಸಾಮಿಯೆಲ್ ದೆವ್ವ ಹಾಡುವುದೇ ಇಲ್ಲ, ಬರೀ ಮಾತಾಡುತ್ತದೆ. ಅದರ ಹಿಂದೆ ಆ ಡಿಮಿನಿಶ್ಡ್ ಸೆವೆಂತ್ ಕಾರ್ಡ್ (ಕಳವಳ ಹುಟ್ಟಿಸುವ ಸ್ವರಗುಚ್ಛ), ಕ್ಲಾರಿನೆಟ್‌ನ ತಳದ ಸ್ವರಗಳು, ಟಿಂಪನಿ. ಕ್ಲಾರಿನೆಟ್ ಸ್ಯಾಂಪಲ್ ಈಗಲೇ ಹುಡುಕುತ್ತಿದ್ದೇನೆ. ಸಿಕ್ಕಿದ್ದೆಲ್ಲ ಮೇಲಿನ ಸ್ವರದಲ್ಲಿ ಜೇನು, ಕೆಳಗೆ ಬಂದರೆ ಪ್ಲಾಸ್ಟಿಕ್. ಹಳೆಯ ಕಾಲದ ವಾಲ್ವ್ ಇಲ್ಲದ ಹಾರ್ನ್ ಕೇಳಿದರೆ ಅಂಗಡಿಯವರು ಉತ್ತರವನ್ನೇ ಕೊಡುವುದಿಲ್ಲ.

ಸರಿ, ಎರ್ಲ್‌ಕೋನಿಗ್‌ಗೆ ವಾಪಸ್. ಹಾಡುವ ದನಿಗೆ ಸದ್ಯ ಚೆಲ್ಲೋ ಇಟ್ಟಿದ್ದೇನೆ. ಮಗ ‘ಅಪ್ಪಾ, ಅಪ್ಪಾ’ ಅಂತ ಚೀರುವಲ್ಲಿ ಅವನ ಸ್ವರ ಪಿಯಾನೋದ ಆಕ್ಟೇವ್‌ಗಿಂತ ಅರ್ಧ ಸ್ವರ ಮೇಲೆ ಕೂತು ಕಚ್ಚುತ್ತದೆ, ಪ್ರತಿ ಸಲ ಇನ್ನಷ್ಟು ಎತ್ತರದಲ್ಲಿ. ಲೈಬ್ರರಿಯ ವೈಬ್ರಾಟೋ (ಸ್ವರದ ನಡುಕ) ಆ ಕಡಿತವನ್ನು ಸವರಿ ಸಮಾಧಾನ ಮಾಡಿಬಿಡುತ್ತಿತ್ತು. ಪೂರ್ತಿ ಆಫ್ ಮಾಡಿದೆ, ಈಗ ಕೂದಲು ನಿಮಿರುತ್ತದೆ.

ಬಾಕಿ ಇರುವುದು ಎರ್ಲ್‌ಕೋನಿಗ್‌ನ ಮೂರು ಪದ್ಯ. ಬಿ ಫ್ಲ್ಯಾಟ್ ಮೇಜರ್, ಸಿ ಮೇಜರ್ ಎರಡರಲ್ಲೂ ಅವನು ಪುಸಲಾಯಿಸುತ್ತಾನೆ, ಬಲಗೈ ಮಾದರಿ ಬದಲಾಗುವುದರಿಂದ ಅವು ಸಲೀಸು. ಇ ಫ್ಲ್ಯಾಟ್‌ನಲ್ಲಿ ಶುರುವಾಗುವ ಮೂರನೆಯದರಲ್ಲಿ ಮೆತ್ತಗೆ ಶುರುಮಾಡಿ ಬೆದರಿಕೆಗೆ ಇಳಿಯುತ್ತಾನೆ, ಟ್ರಿಪ್ಲೆಟ್ ಕೂಡ ವಾಪಸ್. ಅಷ್ಟು ಮೆತ್ತಗೆ ಹೋದರೆ ಸಾಲ ತಂದ ಎ ಫ್ಲ್ಯಾಟ್ ಸ್ಯಾಂಪಲ್ ಸಿಕ್ಕಿಬೀಳುತ್ತಿದೆ, ಅದರ ಕೆಳಗಿನ ವೆಲಾಸಿಟಿ ಪದರದಲ್ಲಿ ಕುರ್ಚಿ ಕಿರ್ ಅಂದ ಸದ್ದು ಹಾಗೇ ರೆಕಾರ್ಡ್ ಆಗಿದೆ. ಅದಕ್ಕೂ ಮೇಲ್ ಹಾಕಿದ್ದೇನೆ.